ಲಿಂಡ್‌ಗ್ರೆನ್ ಕಥೆಗಳು ಮತ್ತು ಏಟಿಲ್ಲದ ಬಾಲ್ಯದ ಕಾನೂನು

ಮಕ್ಕಳನ್ನು ಹೊಡೆಯುವ ಹಕ್ಕು ಹೆತ್ತವರಿಗೂ ಇಲ್ಲವೆಂದು ಜಗತ್ತಿನಲ್ಲೇ ಮೊದಲು ಕಾನೂನು ಮಾಡಿದ ದೇಶ ಸ್ವೀಡನ್. 1979ರ ಜುಲೈ 1ರಂದು ಜಾರಿಗೆ ಬಂದ ಆ ಕಾನೂನಿನ ಮಾತು ಬಂದಾಗಲೆಲ್ಲ ಮಕ್ಕಳ ಕಥೆಗಾರ್ತಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಹೆಸರೂ ಬರುತ್ತದೆ. ಅದಕ್ಕೆ ಕಾರಣ 1978ರಲ್ಲಿ ಜರ್ಮನಿಯಲ್ಲಿ ಅವರು ಮಾಡಿದ ಒಂದು ಭಾಷಣವೆಂದು ಹೇಳುವುದುಂಟು. ನಿಜವಾದ ಕಾರಣ ಅದಕ್ಕಿಂತ ಬಹಳ ಹಿಂದಿನದು.

1907ರಲ್ಲಿ ಸ್ವೀಡನ್ನಿನ ವಿಮ್ಮರ್‌ಬಿ ಪಟ್ಟಣದ ಬಳಿಯ ರೈತ ಕುಟುಂಬದಲ್ಲಿ ಹುಟ್ಟಿದ ಲಿಂಡ್‌ಗ್ರೆನ್, ಹತ್ತೊಂಬತ್ತರ ಹರೆಯದಲ್ಲಿ ಮದುವೆಯಾಗದೆ ತಾಯಿಯಾದರು. ಮಗ ಲಾರ್ಸ್‌ನನ್ನು ಸುಮಾರು ಮೂರು ವರ್ಷ ಕೋಪನ್‌ಹೇಗನ್‌ನ ಸಾಕುತಾಯಿಯೊಬ್ಬರ ಬಳಿ ಬಿಡಬೇಕಾಯಿತು. ಒಂಟಿ ಮಕ್ಕಳು ಅವರ ಕಥೆಗಳಲ್ಲಿ ಮತ್ತೆ ಮತ್ತೆ ಬರುವುದರ ಹಿಂದೆ ಈ ನೋವಿದೆ ಎಂದೇ ನನಗೆ ತೋರುತ್ತದೆ. 1945ರಲ್ಲಿ ಪ್ರಕಟವಾದ ‘ಪಿಪ್ಪಿ ಲಾಂಗ್‌ಸ್ಟಾಕಿಂಗ್’ನ ನಾಯಕಿ, ಒಬ್ಬಳೇ ಬದುಕುವ, ಕುದುರೆಯನ್ನೇ ಎತ್ತಬಲ್ಲ ಒಂಬತ್ತರ ಹುಡುಗಿ, ಅವಳ ಮೇಲೆ ಕೈಮಾಡುವುದು ಯಾವ ದೊಡ್ಡವರಿಗೂ ಸಾಧ್ಯವಿಲ್ಲ. 1973ರ ‘ದಿ ಬ್ರದರ್ಸ್ ಲಯನ್‌ಹಾರ್ಟ್’ ಇನ್ನೂ ಮುಂದೆ ಹೋಗುತ್ತದೆ: ಕ್ರೂರ ದೊರೆಯ ವಿರುದ್ಧ ದಂಗೆಯೆದ್ದವರ ನಡುವೆ ನಿಂತೂ ಕಥೆಯ ಸೋದರರಲ್ಲಿ ಹಿರಿಯವನಾದ ಯೊನಾಥನ್, ತನ್ನಿಂದ ಯಾರನ್ನೂ ಕೊಲ್ಲಲಾಗದು ಎನ್ನುತ್ತಾನೆ.

ಕಾನೂನು ತನ್ನ ದಾರಿಯಲ್ಲಿ ನಿಧಾನವಾಗಿ ನಡೆದಿತ್ತು. 1958ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಹೊಡೆತ ನಿಂತಿತು. 1966ರಲ್ಲಿ ಹೆತ್ತವರು ಹೊಡೆಯಬಹುದೆಂಬ ಅವಕಾಶವನ್ನು ಕಾನೂನಿನಿಂದ ತೆಗೆಯಲಾಯಿತು. 1977ರಲ್ಲಿ ಮಕ್ಕಳ ಹಕ್ಕುಗಳ ಪರಿಶೀಲನೆಗೆ ಆಯೋಗ ರಚನೆಯಾಯಿತು. ಆದ್ದರಿಂದ ಭಾಷಣದಿಂದಲೇ ಕಾನೂನು ಹುಟ್ಟಿತೆನ್ನುವುದು ಸರಿಯಲ್ಲ. ಆದರೆ 1945ರಲ್ಲಿ ಪಿಪ್ಪಿಯನ್ನು ಓದಿ ನಲಿದ ಮಕ್ಕಳು 1979ರ ಹೊತ್ತಿಗೆ ನಲವತ್ತು ದಾಟಿದ ತಂದೆತಾಯಿಯರಾಗಿದ್ದರು ಎಂಬುದನ್ನು ಮರೆಯುವಂತಿಲ್ಲ.

1978ರ ಅಕ್ಟೋಬರ್‌ನಲ್ಲಿ ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಪಡೆಯಲು ಅವರು ಫ್ರಾಂಕ್‌ಫರ್ಟ್‌ಗೆ ಹೊರಟರು. ಭಾಷಣವನ್ನು ಮೊದಲೇ ಓದಿದ ಸಂಘಟಕರು, ಚಿಕ್ಕದಾಗಿ ಕೃತಜ್ಞತೆ ಹೇಳಿದರೆ ಸಾಕೆಂದರು. ಹಾಗಾದರೆ ತಾನು ಬರುವುದಿಲ್ಲವೆಂದು ಲಿಂಡ್‌ಗ್ರೆನ್ ತಿಳಿಸಿದ ಮೇಲೆ ಒಪ್ಪಿದರು. ಅಲ್ಲಿ ಅವರು ಹೇಳಿದ್ದು ಒಬ್ಬ ತಾಯಿಯ ಕಥೆ. ತಪ್ಪು ಮಾಡಿದ ಮಗನನ್ನು ಹೊಡೆಯಲು ಅವನಿಂದಲೇ ಬೆತ್ತ ತರಿಸಬೇಕೆಂದು ಆಕೆ ಕಳಿಸುತ್ತಾಳೆ. ಎಷ್ಟೋ ಹೊತ್ತಿನ ಮೇಲೆ ಅಳುತ್ತಾ ಬಂದ ಹುಡುಗ, ಬೆತ್ತ ಸಿಗಲಿಲ್ಲ, ಬೇಕಾದರೆ ಇದನ್ನು ಎಸೆಯಬಹುದು ಎಂದು ಕಲ್ಲೊಂದನ್ನು ಚಾಚುತ್ತಾನೆ. ಅಮ್ಮನಿಗೆ ತನ್ನನ್ನು ನೋಯಿಸಬೇಕಿದೆ, ಅದಕ್ಕೆ ಕಲ್ಲಾದರೂ ಆದೀತು ಎಂದು ಮಗು ತಿಳಿದದ್ದನ್ನು ಕಂಡ ತಾಯಿ ಅವನನ್ನು ತಬ್ಬಿ ಅತ್ತಳು. ಕಲ್ಲನ್ನು ಅಡುಗೆಮನೆಯ ಹಲಗೆಯ ಮೇಲೆ ಇಟ್ಟುಕೊಂಡಳು.

ಸ್ವೀಡನ್ನಿನ ಕಾನೂನಿನಲ್ಲಿ ಪ್ರತ್ಯೇಕ ಶಿಕ್ಷೆಯಿರಲಿಲ್ಲ. ಜನರ ಮನಸ್ಸು ಬದಲಿಸುವುದೇ ಅದರ ಗುರಿಯಾಗಿತ್ತು. ಸರ್ಕಾರ ಮನೆಮನೆಗೆ ಕೈಪಿಡಿ ಹಂಚಿತು, ಹಾಲಿನ ಪೊಟ್ಟಣಗಳ ಮೇಲೂ ವಿಷಯವನ್ನು ಅಚ್ಚು ಹಾಕಿಸಿತು. 1983ರಲ್ಲಿ ಫಿನ್‌ಲ್ಯಾಂಡ್, 1987ರಲ್ಲಿ ನಾರ್ವೆ ಅದೇ ದಾರಿ ಹಿಡಿದವು. ಲಿಂಡ್‌ಗ್ರೆನ್ ಮಾತಾಡಿದ ಜರ್ಮನಿಯಲ್ಲಿ ಅಂಥ ಕಾನೂನು ಬಂದದ್ದು 2000ದಲ್ಲಿ, ಅವರು ತೀರಿಕೊಳ್ಳುವುದಕ್ಕೆ ಸುಮಾರು ಒಂದು ವರ್ಷ ಮೊದಲು.