ಅಡುಗೆಮನೆಯ ನೀರು ಎಲ್ಲಿಗೆ ಹೋಗುತ್ತದೆ?

ಮನೆಗಳಿಗೆ, ಅಪಾರ್ಟ್‌ಮೆಂಟುಗಳಿಗೆ ಇಂಧನ ಮತ್ತು ನೀರಿನ ಲೆಕ್ಕ ಹಾಕಿಕೊಡುವುದು ನನ್ನ ವೃತ್ತಿ. ಅಡುಗೆಮನೆ ನೋಡಲು ಕರೆದವರು ಮೊದಲು ಕೇಳುವುದು ಏನು ಕೊಳ್ಳಬೇಕು ಅಂತ. ಬಿದಿರಿನ ಸೌಟು, ಸ್ಟೀಲ್ ಸ್ಟ್ರಾ, ಗಾಜಿನ ಡಬ್ಬಿ ಎಲ್ಲ ಅಷ್ಟು ಹೊತ್ತಿಗೆ ಬಂದು ಕೂತಿರುತ್ತವೆ. ಅವುಗಳಿಂದ ಕೆಡುಕೇನಿಲ್ಲ. ಆದರೆ ಗಟ್ಟಿಮುಟ್ಟಾಗಿದ್ದ ಪ್ಲಾಸ್ಟಿಕ್ ಡಬ್ಬಿಗಳನ್ನು ಕಸಕ್ಕೆ ಹಾಕಿ ಗಾಜಿನವು ತಂದಿಟ್ಟ ಮನೆಯಲ್ಲಿ ಲಾಭವಾಗಿರುವುದು ಪರಿಸರಕ್ಕಲ್ಲ, ಅಂಗಡಿಯವರಿಗೆ. ನನ್ನ ಕಣ್ಣು ಹೋಗುವುದು ಬೇರೆ ಕಡೆ. ಈ ಮನೆಯ ನೀರು ಎಲ್ಲೆಲ್ಲಿ ಸೋರಿಹೋಗುತ್ತಿದೆ? ಒಲೆಯ ಮೇಲಿಂದ ಆವಿಯಾಗಿ, ಫಿಲ್ಟರಿನಿಂದ ಚರಂಡಿಗೆ, ತರಕಾರಿ ಸಿಪ್ಪೆಯೊಳಗೆ ಕೂತು ಕಸದ ಗಾಡಿಗೆ. ಅಡುಗೆಮನೆಯಿಂದ ಪರಿಸರಕ್ಕೆ ಬೀಳುವ ಹೊರೆಯ ಬಹುಪಾಲು ಈ ಮೂರರಲ್ಲೇ ಇದೆ ಎನ್ನುವುದು ನನ್ನ ಅನುಭವ.

ಮೊದಲು ಒಲೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿ ಬರುವವರೆಗೆ ಕಾಯಿಸಲು ಸುಮಾರು 315 ಕಿಲೋಜೌಲ್ ಶಾಖ ಸಾಕು. ಅದೇ ನೀರು ಪೂರ್ತಿ ಆವಿಯಾಗಿ ಹೋಗಬೇಕಾದರೆ ಮತ್ತೆ ಸುಮಾರು 2,257 ಕಿಲೋಜೌಲ್ ಬೇಕು. ಹತ್ತಿರ ಹತ್ತಿರ ಏಳು ಪಟ್ಟು! ಕುದಿ ಬರಿಸುವುದಕ್ಕೆ ಗ್ಯಾಸ್ ಹೆಚ್ಚು ಬೇಕು, ಆಮೇಲೆ ತಾನಾಗಿಯೇ ಕುದಿಯುತ್ತಿರುತ್ತದೆ ಅಂದುಕೊಂಡಿರುತ್ತೇವೆ. ಆಗುವುದು ತಿರುಗಾಮುರುಗಾ. ಕುದಿ ಬಂದ ಮೇಲೆ ಉರಿ ಎಷ್ಟೇ ಜೋರು ಮಾಡಿ, ನೀರಿನ ಬಿಸಿ ಒಂದು ಡಿಗ್ರಿಯೂ ಏರುವುದಿಲ್ಲ. ಬೇಳೆ ಬೇಗ ಬೇಯುವುದಿಲ್ಲ. ಹೆಚ್ಚಿಗೆ ಉರಿದ ಗ್ಯಾಸೆಲ್ಲ ಆವಿಯಾಗಿ ಕಿಟಕಿ ಗಾಜಿನ ಮೇಲೆ ಹನಿಗಟ್ಟುತ್ತದೆ.

ಒಂದು ಅಂದಾಜು ನೋಡಿ. ಎಸರಿಗೆ, ಸಾರಿಗೆ, ಕಾಳು ಬೇಯಿಸುವುದಕ್ಕೆ ಇಟ್ಟ ನೀರಿನಲ್ಲಿ ದಿನಕ್ಕೆ ಅರ್ಧ ಲೀಟರ್ ಸುಮ್ಮನೆ ಆವಿಯಾಗುತ್ತದೆ ಅಂತಿಟ್ಟುಕೊಳ್ಳೋಣ. ಉರಿಯ ಶಾಖದಲ್ಲಿ ನೂರಕ್ಕೆ ಅರವತ್ತು ಪಾಲು ಪಾತ್ರೆಗೆ ಸೇರಿತು ಎಂದರೂ ತಿಂಗಳಿಗೆ ಸುಮಾರು ಒಂದೂಕಾಲು ಕೆಜಿ ಗ್ಯಾಸ್ ಹೋಯಿತು. ಸಿಲಿಂಡರಿನಲ್ಲಿ ಇರುವುದೇ 14.2 ಕೆಜಿ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು ಮೂರು ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇದನ್ನು ತಡೆಯುವ ಸಲಕರಣೆಗೆ ಮುಚ್ಚಳ ಎಂದು ಹೆಸರು. ಎಲ್ಲರ ಮನೆಯಲ್ಲೂ ಇದೆ, ಸ್ಟ್ಯಾಂಡಿನಲ್ಲಿ ನೇತಾಡುತ್ತಿರುತ್ತದೆ. (ಗೊಜ್ಜು, ತೊಕ್ಕು, ಹಲ್ವದ ಮಾತು ಬೇರೆ. ಅಲ್ಲಿ ನೀರು ಇಂಗಿಸುವುದೇ ಅಡುಗೆ.)

ಬೆಂಗಳೂರು, ಮೈಸೂರಿನ ಕಡೆಯವರಿಗೆ ಇನ್ನೊಂದು ವಿಷಯ. ಸಮುದ್ರಮಟ್ಟಕ್ಕಿಂತ ಒಂಬತ್ತು ನೂರು ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲೇ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಮಂಗಳೂರಿಗಿಂತ ಇಲ್ಲಿ ತಡವಾಗಿ ಬೇಯುತ್ತದೆ. ಕುಕ್ಕರ್ ಒಳಗೆ ಒತ್ತಡದಿಂದ ಬಿಸಿ 120ರ ಹತ್ತಿರಕ್ಕೆ ಏರುವುದರಿಂದ ಆ ತೊಂದರೆ ಇಲ್ಲ. ಆದರೆ ಕುಕ್ಕರನ್ನು ನಾವು ಬಳಸುವ ರೀತಿ ವಿಚಿತ್ರ. ‘ನಾಲ್ಕು ವಿಸಿಲ್ ಕೂಗಿಸು’ ಎನ್ನುತ್ತೇವೆ. ವಿಸಿಲ್ ಎಂದರೆ ಕಾಸು ಕೊಟ್ಟು ಕೂಡಿಸಿದ ಒತ್ತಡ ಹೊರಗೆ ಹೋಗುವ ಸದ್ದು. ಮೊದಲ ಕೂಗು ಬಂದ ಕೂಡಲೇ ಉರಿಯನ್ನು ಸಿಮ್‌ಗೆ ಇಳಿಸಿ, ವೇಯ್ಟ್ ಸಣ್ಣಗೆ ಉಸಿರಾಡುವಷ್ಟರಲ್ಲಿ ಇಟ್ಟು, ಗಡಿಯಾರ ನೋಡಿ. ಅರ್ಧ ಗಂಟೆ ನೆನೆದ ತೊಗರಿಬೇಳೆಗೆ ಸಿಮ್‌ನಲ್ಲಿ ಕೆಲವೇ ನಿಮಿಷ ಸಾಕು. ಆರಿಸಿದ ಮೇಲೂ ಒತ್ತಡ ಇಳಿಯುವ ತನಕ ಒಳಗೆ ಬೇಯುತ್ತಲೇ ಇರುತ್ತದೆ. ಕೂಗು ಎಣಿಸುವ ಅಭ್ಯಾಸ ಬಿಡಿಸುವುದು ಮಾತ್ರ ಸುಲಭವಲ್ಲ, ನಮ್ಮ ಮನೆಯಲ್ಲೇ ಇನ್ನೂ ಆಗಿಲ್ಲ.

ಕರಾವಳಿಯವರು ಈ ಪಾಠವನ್ನು ಯಾರಿಂದಲೂ ಕಲಿಯಬೇಕಿಲ್ಲ. ಕುಸುಬಲಕ್ಕಿ ಬೇಯುವುದು ನಿಧಾನ. ಹಾಗಾಗಿ ಅನೇಕ ಮನೆಗಳಲ್ಲಿ ಅಕ್ಕಿ ಚೆನ್ನಾಗಿ ಕುದಿ ಬಂದು ಹತ್ತು ಹದಿನೈದು ನಿಮಿಷವಾದ ಮೇಲೆ ಪಾತ್ರೆ ಸಮೇತ ಎತ್ತಿ ಥರ್ಮಲ್ ಕುಕ್ಕರಿನಲ್ಲಿ, ಅಂದರೆ ಒಳಗಿನ ಬಿಸಿ ಆರದಂತೆ ಕಾಯುವ ಡಬ್ಬಿಯಲ್ಲಿ, ಇಟ್ಟು ಬಾಯಿ ಮುಚ್ಚುತ್ತಾರೆ. ಉರಿ ಇಲ್ಲ, ಕರೆಂಟಿಲ್ಲ. ಗಂಟೆ ಬಿಟ್ಟು ತೆಗೆದರೆ ಅನ್ನ ಅರಳಿರುತ್ತದೆ, ಗಂಜಿ ಬಸಿದುಕೊಂಡರಾಯಿತು. ಕಡಲೆಕಾಳು, ಹುರುಳಿಗೂ ಇದೇ ಉಪಾಯ ನಡೆಯುತ್ತದೆ, ರಾತ್ರಿ ನೆನೆಹಾಕಿರಬೇಕು ಅಷ್ಟೇ. ಪಾತ್ರೆ ಮುಕ್ಕಾಲಾದರೂ ತುಂಬಿರಲಿ. ಅರ್ಧ ಖಾಲಿ ಪಾತ್ರೆ ಬೇಗ ತಣಿಯುತ್ತದೆ. ಬೆಚ್ಚಗೆ ಉಳಿದ ಅನ್ನ ಹಳಸುವುದೂ ಬೇಗ.

ಪಾತ್ರೆಯ ತಳ ದಾಟಿ ಪಕ್ಕಕ್ಕೆ ನೆಕ್ಕುವ ಉರಿಯೂ ನಷ್ಟವೇ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳ ತಂತ್ರಜ್ಞಾನಕ್ಕಾಗಿ ಕಟ್ಟಿದ ‘ಅಸ್ತ್ರ’ ವಿಭಾಗದಿಂದ ಮುಂದೆ ಹೊರಬಂದ ಅಸ್ತ್ರ ಎಂಬ ಸೌದೆ ಒಲೆಯ ಗುಟ್ಟು ಇದೇ ಆಗಿತ್ತು: ಒಂದೇ ಬೆಂಕಿಯ ಶಾಖ ಚಿಮಣಿ ಸೇರುವ ಮೊದಲು ಮೂರು ಪಾತ್ರೆಗಳಡಿ ಹಾದುಹೋಗುತ್ತಿತ್ತು. ಗ್ಯಾಸ್ ಒಲೆಯಲ್ಲಿ ನೀವು ಮಾಡಬೇಕಾದ್ದು ಸಣ್ಣ ಪಾತ್ರೆಗೆ ಸಣ್ಣ ಬರ್ನರ್ ಹಚ್ಚುವುದು. ಉರಿ ಹಳದಿಗೆ ತಿರುಗಿ ಪಾತ್ರೆ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಬರ್ನರಿನ ತೂತುಗಳು ಕಟ್ಟಿವೆ ಎಂದೇ ತಿಳಿಯಿರಿ. ಬರ್ನರ್ ತೆಗೆದು ಬಿಸಿ ನೀರಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒಣಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

‘ಸರ್, ಗ್ಯಾಸ್ ಬಿಟ್ಟು ಇಂಡಕ್ಷನ್ನಿಗೆ ಬದಲಾಯಿಸಿಬಿಡಲಾ?’ ಎಂದು ಈಗ ಎಲ್ಲರೂ ಕೇಳುತ್ತಾರೆ. ಇಂಡಕ್ಷನ್ ಒಲೆ ತೆಗೆದುಕೊಂಡ ಕರೆಂಟಿನಲ್ಲಿ ನೂರಕ್ಕೆ ಎಂಬತ್ತೈದರಷ್ಟು ಪಾತ್ರೆಗೆ ಕೊಡುತ್ತದೆ, ನಿಜ. ಆದರೆ ದೇಶದ ಸರಾಸರಿ ಕರೆಂಟಿನಲ್ಲಿ ಪ್ರತಿ ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಡಗಿದೆ, ಕಲ್ಲಿದ್ದಲಿನ ಪಾಲು ಇನ್ನೂ ಅಷ್ಟಿದೆ. ಲೆಕ್ಕ ಹಾಕಿದರೆ ಅದೇ ಅಡುಗೆಗೆ ಎಲ್‌ಪಿಜಿಗಿಂತ ಎರಡು ಪಟ್ಟು ಬರುತ್ತದೆ. ಪಾವಗಡದ ಸೋಲಾರ್ ಪಾರ್ಕ್ ನಮ್ಮ ರಾಜ್ಯದಲ್ಲೇ ಇದ್ದರೂ ಬೆಳಗ್ಗೆ ಆರೂವರೆಗೆ ನೀವು ಇಡ್ಲಿ ಇಡುವಾಗ ಅಲ್ಲಿ ಬಿಸಿಲು ಸರಿಯಾಗಿ ಮೂಡಿರುವುದಿಲ್ಲ. ಹಾಗಂತ ಇಂಡಕ್ಷನ್ ಬೇಡ ಅನ್ನುತ್ತಿಲ್ಲ. ಮುಚ್ಚಿದ ಅಡುಗೆಮನೆಯಲ್ಲಿ ಗ್ಯಾಸ್ ಉರಿ ಬಿಡುವ ನೈಟ್ರೋಜನ್ ಡೈಆಕ್ಸೈಡ್ ಇದರಲ್ಲಿಲ್ಲ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಅದೊಂದೇ ಕಾರಣ ಸಾಕು. ಮಾಳಿಗೆ ಮೇಲೆ ಸೋಲಾರ್ ಪ್ಯಾನೆಲ್ ಇದ್ದರೆ ಕಾಳು ಬೇಯಿಸುವುದು, ತುಪ್ಪ ಕಾಯಿಸುವಂಥ ಕೆಲಸಗಳನ್ನು ಹತ್ತರಿಂದ ಮೂರು ಗಂಟೆಯೊಳಗೆ ಇಂಡಕ್ಷನ್ ಮೇಲೆ ಮಾಡಿ. ಇಲ್ಲದಿದ್ದರೆ ಈಗಿರುವ ಗ್ಯಾಸ್ ಒಲೆಯಲ್ಲೇ ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸುವುದೇ ಜಾಣತನ.

ಇನ್ನು ಫಿಲ್ಟರ್. ಮನೆಗಳಲ್ಲಿರುವ ಆರ್‌ಒ ಯಂತ್ರ ಒಂದು ಲೀಟರ್ ಕುಡಿಯುವ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ನಲ್ಲಿಯಲ್ಲಿ ಕಾವೇರಿ ನೀರು ಬರುವ ಮನೆಗೆ ಇದು ಯಾಕೆ ಬೇಕು ಎಂದು ನನಗೆ ಅರ್ಥವಾಗಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿಡಿಎಸ್‌ನ, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ, ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಕಾವೇರಿ ನೀರಿನದು ಅದಕ್ಕಿಂತ ಬಹಳ ಕೆಳಗೆ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ಅಂಥ ಮನೆಗೆ ಅತಿನೇರಳೆ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಫಿಲ್ಟರ್ ಸಾಕು. ಬೋರ್‌ವೆಲ್ ನೀರಿನವರಿಗೆ ಆರ್‌ಒ ಬೇಕಾಗಬಹುದು. ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಅಳೆದು ನೋಡಿ ತೀರ್ಮಾನಿಸಿ. ಹೊರಬಿಟ್ಟ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ. ಅದರಲ್ಲಿ ಲವಣ ಒಟ್ಟಾಗಿರುವುದರಿಂದ ದಿನವೂ ತುಳಸಿಗೆ ಹಾಕಬೇಡಿ.

ಫ್ರಿಜ್ಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಗೋಡೆಗೆ ತಾಗಿಸಬೇಡಿ, ಬಾಗಿಲಿನ ರಬ್ಬರಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಜಾರಿ ಬಂದರೆ ರಬ್ಬರ್ ಬದಲಿಸಿ.

ಹಸಿ ಕಸದ್ದೇ ದೊಡ್ಡ ಕಥೆ. ತರಕಾರಿ ಸಿಪ್ಪೆ, ಹಳಸಿದ ಅನ್ನದ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಳಿಸಿದರೆ ನಾವು ಡೀಸೆಲ್ ಸುಟ್ಟು ನೀರನ್ನು ಊರಾಚೆ ಸಾಗಿಸುತ್ತಿದ್ದೇವೆ. ಅಲ್ಲಿ ಗುಡ್ಡೆಯಡಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು ಬಿಸಿ ಹಿಡಿಯುವ ಅನಿಲ. ಸೋರಿದ ಕಪ್ಪು ರಸ ಅಕ್ಕಪಕ್ಕದ ಹಳ್ಳಿಗಳ ಬಾವಿಗೆ ಇಳಿಯುತ್ತದೆ. ಬೆಂಗಳೂರಿನ ಕಸ ಹೊರವಲಯದ ಮಂಡೂರು ಎಂಬ ಹಳ್ಳಿಗೆ ಹೋಗುವುದು 2014ರ ಕೊನೆಗೆ ನಿಂತಿದ್ದು ಊರಿನವರು ರಸ್ತೆಗಿಳಿದ ಮೇಲೆ. ಎರಡು ಬುಟ್ಟಿ ಒಂದು ಚೀಲದ ಪದ್ಧತಿಗೆ (ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ) ಹೈಕೋರ್ಟ್ ಆದೇಶ ಬಂದಿದ್ದು 2015ರಲ್ಲಿ. ಹಸಿರು ಬುಟ್ಟಿಗೆ ಕವರ್ ಹಾಕದೆ, ಹಳೇ ಪತ್ರಿಕೆ ಹಾಸಿ. ಸಿಂಕಿನ ಪಕ್ಕ ಒಂದು ತೂತಿನ ಬುಟ್ಟಿ ಇಟ್ಟು ಸಿಪ್ಪೆಯ ನೀರು ಬಸಿದ ಮೇಲೆ ಕಸಕ್ಕೆ ಹಾಕಿದರೆ ಅರ್ಧ ವಾಸನೆ ಅಲ್ಲೇ ಹೋಯಿತು.

ಬಾಲ್ಕನಿಯಲ್ಲಿ ಮಣ್ಣಿನ ಮಡಕೆ ಇಟ್ಟು ಗೊಬ್ಬರ ಮಾಡುವವರು ಸೋಲುವುದೂ ನೀರಿನಿಂದಲೇ. ಒಂದು ಪಾಲು ಸಿಪ್ಪೆಗೆ ಅಷ್ಟೇ ಪ್ರಮಾಣದ ಒಣ ತರಗೆಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಸೇರಿಸಲೇಬೇಕು. ಹುಳಿ ಮಜ್ಜಿಗೆ ಒಂದಿಷ್ಟು ಚಿಮುಕಿಸಿದರೆ ಕೆಲಸ ಬೇಗ ಶುರುವಾಗುತ್ತದೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಿದರೆ ಇನ್ನಷ್ಟು ತರಗೆಲೆ, ಪುಡಿಪುಡಿಯಾಗಿ ಉದುರಿದರೆ ಸ್ವಲ್ಪ ಅಕ್ಕಿ ತೊಳೆದ ನೀರು. ತೆಂಗಿನ ಚಿಪ್ಪು, ಮಾವಿನ ಓಟೆ ಇದಕ್ಕೆ ಬೇಡ. ವಾರ ಕಳೆಯುವಷ್ಟರಲ್ಲಿ ‘ಹುಳ ಬಿದ್ದಿದೆ, ಎತ್ತಿ ಬಿಸಾಕಲಾ?’ ಅಂತ ಫೋನ್ ಬರುತ್ತದೆ. ಬೇಡ. ದಪ್ಪಗೆ, ಬೂದು ಬಣ್ಣಕ್ಕೆ ಹೊರಳುತ್ತಿರುವ ಆ ಹುಳಗಳು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ, ಸಿಪ್ಪೆಯನ್ನು ನಮಗಿಂತ ಚುರುಕಾಗಿ ಮುಗಿಸುತ್ತವೆ. ನೋಡಲಾಗದಿದ್ದರೆ ಮೇಲೊಂದು ಪದರ ತರಗೆಲೆ ಹಾಕಿ ಮುಚ್ಚಿ.