ಕೆಸರು ಬಂದರೆ ಕಾಂಡ್ಲಾ ಏರುತ್ತದೆ

ಹೊನ್ನಾವರದಿಂದ ಕುಮಟಾಕ್ಕೆ ಹೆದ್ದಾರಿಯಲ್ಲಿ ಅರ್ಧ ಗಂಟೆಯ ದಾರಿ. ಆ ಕಡೆ ಶರಾವತಿಯ ಅಳಿವೆ, ಈ ಕಡೆ ಅಘನಾಶಿನಿಯದು. ಎರಡರಲ್ಲೂ ಉಪ್ಪುನೀರಿನ ಕೆಸರಿನಲ್ಲಿ ನಿಂತಿರುವುದು ಅದೇ ಕಾಂಡ್ಲಾ (ಮ್ಯಾಂಗ್ರೋವ್), ಅದರ ಬಳಗದ್ದೇ ಆದ ಅದೇ ಉಪ್ಪಟ್ಟಿ. ದಿನಕ್ಕೆರಡು ಸಲ ಉಬ್ಬರ ತರುವುದು ಒಂದೇ ಅರಬ್ಬೀ ಸಮುದ್ರ. ವ್ಯತ್ಯಾಸ ಇರುವುದು ಮೇಲುಗಡೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಿತು, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಅಘನಾಶಿನಿಗೆ ಶಿರಸಿ ಸೀಮೆಯಿಂದ ಕಡಲವರೆಗೆ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಕಡಲು ಏರುತ್ತಿರುವ ಈ ಕಾಲದಲ್ಲಿ ಯಾವ ಅಳಿವೆಯ ಕಾಂಡ್ಲಾ ಉಳಿದೀತು ಎಂದು ಕೇಳಿದರೆ ಸಮುದ್ರದ ಕಡೆಯಷ್ಟೇ ನೋಡಿ ಉತ್ತರ ಹೇಳಲಾಗದು, ನದಿ ಹೂಳು ಹೊತ್ತು ತರುವ, ಅಣೆಕಟ್ಟು ಅದನ್ನು ತಡೆಯುವ ಘಟ್ಟದ ಕಡೆಗೂ ತಿರುಗಬೇಕು. ಇಷ್ಟು ಸರಳ ಮಾತಿಗೆ ಬರಲು ವಿಜ್ಞಾನಕ್ಕೆ ಸುಮಾರು ಮೂವತ್ತು ವರ್ಷ ಹಿಡಿಯಿತು. ನಡುವೆ ಒಂದು ಜಗಳವೂ ನಡೆಯಿತು.

ಜಗಳ ಶುರುವಾದದ್ದು 1991ರಲ್ಲಿ. ಜೋಆನಾ ಎಲಿಸನ್ ಮತ್ತು ಡೇವಿಡ್ ಸ್ಟಾಡಾರ್ಟ್ ಎಂಬ ಇಬ್ಬರು ಭೂಗೋಳತಜ್ಞರು ಸಾವಿರಾರು ವರ್ಷ ಹಳೆಯ ಕಾಂಡ್ಲಾ ಮಣ್ಣಿನ ಪದರಗಳನ್ನು ಆಧರಿಸಿ ಒಂದು ಲೆಕ್ಕ ಮುಂದಿಟ್ಟರು. ತಗ್ಗಾದ ದ್ವೀಪಗಳಲ್ಲಿ ಕಡಲು ನೂರು ವರ್ಷಕ್ಕೆ 8–9 ಸೆಂ.ಮೀ. ಏರಿದರೆ ಕಾಂಡ್ಲಾ ಜೊತೆಗೆ ಏರುತ್ತದೆ, 12 ಸೆಂ.ಮೀ. ದಾಟಿದರೆ ಕುಸಿಯುತ್ತದೆ ಎಂದರು. ಇಪ್ಪತ್ತನೇ ಶತಮಾನದಲ್ಲಿ ಕಡಲು ಅದಕ್ಕಿಂತ ಬೇಗನೇ ಏರುತ್ತಿತ್ತು. ಹಾಗಾದರೆ ಅಂಥ ದ್ವೀಪಗಳ ಕಾಂಡ್ಲಾ ಆಗಲೇ ಸಾಯುತ್ತಿರಬೇಕಿತ್ತಲ್ಲ? 1994ರಲ್ಲಿ ಸ್ಯಾಮ್ಯುಯೆಲ್ ಸ್ನೆಡಕರ್ ಮತ್ತು ಸಂಗಡಿಗರು ಎತ್ತಿದ ಆಕ್ಷೇಪ ಇದೇ ಬಗೆಯದು. ಫ್ಲಾರಿಡಾದಲ್ಲಿ ಕಡಲು ಆ ಮಿತಿಗಿಂತ ಜೋರಾಗಿ ಏರಿದ್ದರೂ ಮರಗಳು ನಿಂತೇ ಇವೆ ಎಂದು ಅವರು ತೋರಿಸಿದರು.

ಜಗಳದ ಎರಡೂ ಕಡೆಯವರ ಕೈಯಲ್ಲಿ ಇಲ್ಲದ ಒಂದು ಸಂಗತಿಯಿತ್ತು. ನೀರು ಎಷ್ಟು ಏರಿತು ಎಂಬುದಕ್ಕೆ ಬಂದರುಗಳಲ್ಲಿ ಮಾಪಕಗಳಿದ್ದವು. ಮುಂಬೈಯಲ್ಲಿ 1878ರಿಂದಲೇ ದಾಖಲೆ ಇದೆ. ಆದರೆ ಮರದ ಬುಡದ ಕೆಸರು ಎಷ್ಟು ಏರಿತು ಎಂದು ಅಳೆದವರು ಕಡಿಮೆ. ತೊಂಬತ್ತರ ದಶಕದಲ್ಲಿ ಅದಕ್ಕೊಂದು ಸಲಕರಣೆ ಬಂತು. ನೋಡಲು ಏನೂ ಅಲ್ಲ: ಕೆಸರಿನಲ್ಲಿ ಉದ್ದನೆಯ ಸರಳನ್ನು ಇನ್ನು ಕೆಳಗಿಳಿಯದು ಎನ್ನುವವರೆಗೆ ಹೊಡೆಯುತ್ತಾರೆ. ಅದರ ತಲೆಗೆ ಅಡ್ಡತೋಳೊಂದನ್ನು ಕೂರಿಸಿ, ಅದರಿಂದ ಸಣ್ಣ ಕಡ್ಡಿಗಳನ್ನು ನೆಲ ಮುಟ್ಟುವಂತೆ ಇಳಿಬಿಟ್ಟು ಅಳೆಯುತ್ತಾರೆ. ವರ್ಷ ಬಿಟ್ಟು ಬಂದು ಮತ್ತೆ ಅಳೆದರೆ ನೆಲ ಎಷ್ಟು ಮಿಲಿಮೀಟರ್ ಎದ್ದಿದೆ ಅಥವಾ ಕುಸಿದಿದೆ ಎಂದು ಗೊತ್ತಾಗುತ್ತದೆ. ಪಕ್ಕದಲ್ಲೇ ಫೆಲ್ಡ್‌ಸ್ಪಾರ್ ಎಂಬ ಖನಿಜದ ಬಿಳಿ ಪುಡಿ ಚೆಲ್ಲಿಟ್ಟಿರುತ್ತಾರೆ. ಆಮೇಲೆ ಕೆಸರನ್ನು ಕೊರೆದು ತೆಗೆದರೆ ಬಿಳಿ ಗೆರೆಯ ಮೇಲೆ ಹೊಸ ಹೂಳು ಎಷ್ಟು ಕೂತಿದೆ ಎಂಬುದು ಕಾಣುತ್ತದೆ. ಕೂತ ಹೂಳು ಹತ್ತು ಮಿ.ಮೀ. ಇದ್ದು ನೆಲ ಎದ್ದದ್ದು ನಾಲ್ಕೇ ಆದರೆ, ಉಳಿದ ಆರು ಮಿ.ಮೀ. ಅಡಿಯಲ್ಲಿ ಕುಗ್ಗಿಹೋಯಿತು ಎಂದರ್ಥ.

ಈ ಅಳತೆಗಳಿಂದ ಗಿಡದ ಗುಟ್ಟು ಸ್ಪಷ್ಟವಾಯಿತು. ಉಬ್ಬರದ ನೀರು ಕಾಂಡ್ಲಾದ ಊರುಗೋಲಿನಂಥ ಬೇರುಗಳ ನಡುವೆ ನುಗ್ಗುವಾಗ ವೇಗ ಕಳೆದುಕೊಳ್ಳುತ್ತದೆ. ಹೊತ್ತುತಂದ ಮಣ್ಣು ಅಲ್ಲೇ ತಳಕ್ಕಿಳಿಯುತ್ತದೆ. ಕಡಲು ಏರಿದಷ್ಟೂ ಗಿಡದ ಬುಡ ಹೆಚ್ಚು ಹೊತ್ತು ಮುಳುಗಿರುತ್ತದೆ, ಹೆಚ್ಚು ಹೊತ್ತು ಮುಳುಗಿದ್ದರೆ ಹೂಳೂ ಹೆಚ್ಚು ಕೂರುತ್ತದೆ. ಮುಳುಗಿಸಲು ಬಂದ ನೀರೇ ಮೇಲೆತ್ತುವ ಕೆಲಸವನ್ನೂ ಮಾಡುತ್ತದೆ. ನದಿಯ ಹೂಳೇ ಇಲ್ಲದ ಕಡೆ? ಮಧ್ಯ ಅಮೆರಿಕದ ಬೆಲೀಜ್ ದೇಶದ ಕಡಲಾಚೆಯ ದ್ವೀಪಗಳಲ್ಲಿ ಕಾಂಡ್ಲಾ ತನ್ನ ಸತ್ತ ಬೇರುಗಳನ್ನೇ ಪದರ ಪದರವಾಗಿ ಪೇರಿಸಿ ಏಳು ಸಾವಿರಕ್ಕೂ ಹೆಚ್ಚು ವರ್ಷ ಕಡಲಿನ ಜೊತೆ ಏರಿದೆ. ಅಲ್ಲಿನ ಬೇರಿನ ಮಣ್ಣು ಹತ್ತು ಮೀಟರಿನಷ್ಟು ದಪ್ಪ.

ಎಲ್ಲದಕ್ಕೂ ಮಿತಿಯುಂಟು. 2015ರಲ್ಲಿ ಕ್ಯಾಥರಿನ್ ಲವ್‌ಲಾಕ್ ಮತ್ತು ಸಂಗಡಿಗರು ಹಿಂದೂ ಮಹಾಸಾಗರ–ಪೆಸಿಫಿಕ್ ವಲಯದ ಅಳತೆಗಳನ್ನು ಒಟ್ಟುಗೂಡಿಸಿದಾಗ, ಶೇ. 69ರಷ್ಟು ತಾಣಗಳಲ್ಲಿ ಕಡಲಿನ ವೇಗ ನೆಲದ ವೇಗವನ್ನು ಹಿಂದಿಕ್ಕಿತ್ತು. 2020ರಲ್ಲಿ ನೀಲ್ ಸೇಂಟಿಲನ್ ತಂಡ ಹಿಮಯುಗ ಕಳೆದ ನಂತರದ ಹತ್ತು ಸಾವಿರ ವರ್ಷಗಳ ದಾಖಲೆಯನ್ನು 78 ಕಡೆಗಳಿಂದ ತೆಗೆದು ನೋಡಿತು. ಹಿಮ ಕರಗಿ ಕಡಲು ರಭಸದಿಂದ ಏರುತ್ತಿದ್ದ ಕಾಲದಲ್ಲಿ ಕಾಂಡ್ಲಾವನಗಳು ನೆಲೆಯೂರಿರಲಿಲ್ಲ. ಏರಿಕೆ ನಿಧಾನವಾದ ಮೇಲೆ ನೆಲೆಯೂರಿದವು. ವರ್ಷಕ್ಕೆ 6.1 ಮಿ.ಮೀ. ದಾಟಿದರೆ ಅವು ಮೇಲೇರುವ ಸಾಧ್ಯತೆ ತೀರಾ ಕಡಿಮೆ ಎಂಬುದು ಆ ತಂಡದ ತೀರ್ಮಾನ. 1991ರ ಲೆಕ್ಕಕ್ಕಿಂತ (ನೂರು ವರ್ಷಕ್ಕೆ 12 ಸೆಂ.ಮೀ. ಎಂದರೆ ವರ್ಷಕ್ಕೆ 1.2 ಮಿ.ಮೀ.) ಇದು ಎಷ್ಟೋ ಉದಾರ. ಹಾಗೆಂದು ನಿರಾಳವಾಗುವಂತಿಲ್ಲ. ಇಪ್ಪತ್ತನೇ ಶತಮಾನದ ಮೊದಲ ಏಳು ದಶಕಗಳಲ್ಲಿ ಜಗತ್ತಿನ ಕಡಲುಗಳು ಸರಾಸರಿ ವರ್ಷಕ್ಕೆ 1.3 ಮಿ.ಮೀ. ಏರಿದ್ದರೆ, 2006ರಿಂದ 2018ರ ನಡುವೆ 3.7 ಮಿ.ಮೀ. ಏರಿವೆ. ನಮ್ಮ ಉತ್ತರ ಹಿಂದೂ ಮಹಾಸಾಗರದ್ದು 1993–2017ರಲ್ಲಿ 3.3 ಮಿ.ಮೀ.

(ಕಡಲು ಇಳಿದರೂ ಈ ಗಿಡಕ್ಕೆ ಕಷ್ಟವೇ. 2015–16ರ ಎಲ್ ನಿನೊ ಹೊತ್ತಿನಲ್ಲಿ ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ ಸಮುದ್ರಮಟ್ಟ ಕೆಲಕಾಲ ತಗ್ಗಿ, ಸುಮಾರು 7,400 ಹೆಕ್ಟೇರ್ ಕಾಂಡ್ಲಾ ಒಣಗಿ ನಿಂತಿತು. ಉಬ್ಬರ-ಇಳಿತದ ನಡುವಿನ ಕಿರಿದಾದ ಪಟ್ಟಿಯಲ್ಲಷ್ಟೇ ಅದರ ಬದುಕು.)

ಏರುವುದು ಒಂದು ದಾರಿ. ಇನ್ನೊಂದು ದಾರಿ ಹಿಂದೆ ಸರಿಯುವುದು. ಕಾಂಡ್ಲಾದ ಬೀಜ ಮರದಲ್ಲೇ ಮೊಳೆತು, ನುಗ್ಗೆಕಾಯಿಯಂತೆ ಜೋತುಬಿದ್ದು, ಕಳಚಿ, ನೀರಿನ ಜೊತೆ ತೇಲಿ ಎಲ್ಲಿ ಕೆಸರು ಸಿಕ್ಕರೆ ಅಲ್ಲಿ ನಾಟಿಕೊಳ್ಳುತ್ತದೆ. ಹಿಂದುಗಡೆ ತಗ್ಗಾದ ಬಯಲಿದ್ದರೆ ತಲೆಮಾರಿನಿಂದ ತಲೆಮಾರಿಗೆ ಕಾಡೇ ಒಳನಾಡಿನತ್ತ ನಡೆಯುತ್ತದೆ. 2018ರಲ್ಲಿ ಮಾರ್ಕ್ ಶೂರ್ಖ್ ಮತ್ತು ಸಂಗಡಿಗರು ಈ ಜಾಗದ ಲೆಕ್ಕವನ್ನೂ ಸೇರಿಸಿ ಮಾಡಿದ ಅಂದಾಜು ಎಲ್ಲರ ಹುಬ್ಬೇರಿಸಿತು. ಹಿಂದೆ ಸರಿಯಲು ಸಾಕಷ್ಟು ಜಾಗ ಬಿಟ್ಟು, ಹೂಳೂ ಈಗಿನಷ್ಟೇ ಬರುತ್ತಿದ್ದರೆ ಜಗತ್ತಿನ ಕರಾವಳಿ ಜೌಗು ಶೇ. 60ರವರೆಗೆ ಹೆಚ್ಚಬಹುದು, ಈಗಿನಂತೆ ಗೋಡೆ ಕಟ್ಟುತ್ತ ಹೋದರೆ 2100ರ ಹೊತ್ತಿಗೆ ಶೇ. 30ರವರೆಗೆ ಕಳೆದುಹೋಗಬಹುದು. ಅದೇ ಕಡಲು, ಫಲ ಮಾತ್ರ ತದ್ವಿರುದ್ಧ.

ಉತ್ತರ ಕನ್ನಡದಲ್ಲಿ ಹಿಂದೆ ಸರಿಯಲು ಮೊದಲೇ ಜಾಗ ಕಮ್ಮಿ. ಘಟ್ಟದ ಚಾಚುಗಳು ಕಡಲಿಗೇ ಬಂದು ನಿಂತಿವೆ. ಉಳಿದ ಬಯಲಿನಲ್ಲಿ ತೆಂಗಿನ ತೋಟ, ಮನೆ, 1998ರಲ್ಲಿ ಪೂರ್ಣವಾಗಿ ಓಡತೊಡಗಿದ ಕೊಂಕಣ ರೈಲು, ಅಗಲಗೊಳ್ಳುತ್ತಿರುವ ಹೆದ್ದಾರಿ. 2021ರ ಅರಣ್ಯ ವರದಿಯಂತೆ ಇಡೀ ರಾಜ್ಯದ ಕಾಂಡ್ಲಾ 13 ಚದರ ಕಿ.ಮೀ.; ಸುಂದರಬನ ಇರುವ ಪಶ್ಚಿಮ ಬಂಗಾಳದ್ದು 2,114.

ಆ ಸುಂದರಬನದ ಬಾಂಗ್ಲಾದೇಶದ ಭಾಗದಲ್ಲಿ ನಡೆದದ್ದನ್ನು ನಮ್ಮವರು ಗಮನಿಸಬೇಕು. 1960ರ ದಶಕದಲ್ಲಿ ಅಲ್ಲಿ ಗದ್ದೆಗಳನ್ನು ಕಾಪಾಡಲು ದ್ವೀಪಗಳ ಸುತ್ತ ಮಣ್ಣಿನ ಎತ್ತರದ ದಂಡೆ ಕಟ್ಟಿದರು. ಉಪ್ಪುನೀರು ನಿಂತಿತು, ಅದರ ಜೊತೆ ಹೂಳೂ ನಿಂತಿತು. ಐವತ್ತು ವರ್ಷದಲ್ಲಿ ಅಂಥ ಒಂದು ದ್ವೀಪದ ನೆಲ, ಹೊರಗಿನ ಕಾಡಿನ ನೆಲಕ್ಕಿಂತ ಒಂದರಿಂದ ಒಂದೂವರೆ ಮೀಟರ್ ತಗ್ಗಾಗಿತ್ತು. ಕಾಡು ಕಡಲಿನ ಜೊತೆ ಏರಿತ್ತು, ಗದ್ದೆ ಕೂತಲ್ಲೇ ಕೂತು ಕುಸಿದಿತ್ತು. 2009ರಲ್ಲಿ ಐಲಾ ಚಂಡಮಾರುತ ದಂಡೆ ಒಡೆದು ಊರು ಮುಳುಗಿಸಿತು; ಒಡಕು ಮುಚ್ಚಲು ಎರಡು ವರ್ಷದವರೆಗೆ ಹಿಡಿಯಿತು. ಜನ ಪಟ್ಟ ಪಾಡು ಹೇಳತೀರದು. ಆ ಎರಡು ವರ್ಷದಲ್ಲೇ ಒಳಗೆ ಹತ್ತಾರು ಸೆಂ.ಮೀ. ಹೊಸ ಹೂಳು ಕೂತಿತ್ತು.

ಅಘನಾಶಿನಿಯ ಗಜನಿ ಗದ್ದೆಯವರು, ಅಂದರೆ ಉಬ್ಬರದ ಉಪ್ಪುನೀರು ಮುಟ್ಟುವ ತಗ್ಗು ಗದ್ದೆಯವರು, ಹೂಳನ್ನು ಒಳಗೆ ಬಿಟ್ಟುಕೊಳ್ಳುವ ಈ ವಿದ್ಯೆಯನ್ನು ಒಂದಷ್ಟು ಬಲ್ಲವರು. ಮಳೆ ಬಂದು ಉಪ್ಪು ತೊಳೆದ ಮೇಲೆ ಉಪ್ಪು ತಾಳಬಲ್ಲ ಕಗ್ಗ ಭತ್ತವನ್ನು ಮೊಳಕೆ ಬರಿಸಿ ಎರಚುವುದು. ಕೊಯ್ಲಾದ ಮೇಲೆ ತೂಬು ತೆಗೆದು ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುವುದು. ನೀರಿನ ಜೊತೆ ಮೀನು, ಸೀಗಡಿ, ಹೂಳು ಬರುತ್ತಿದ್ದವು. ಗದ್ದೆಗೆ ಅದೇ ಗೊಬ್ಬರ. ಮಣ್ಣಿನ ಏರಿಯನ್ನು ಊರವರೇ ಸೇರಿ ದುರಸ್ತಿ ಮಾಡುತ್ತಿದ್ದರು, ಏರಿಯ ಹೊರಮೈಯನ್ನು ಕಾಂಡ್ಲಾದ ಬೇರು ಹಿಡಿದುಕೊಂಡಿರುತ್ತಿತ್ತು. 1970ರ ದಶಕದಲ್ಲಿ ಸರ್ಕಾರ ಕಲ್ಲಿನ ಕಾಯಂ ಏರಿ ಕಟ್ಟಿಸಿತು. ಕಲ್ಲು ಬಂದ ಮೇಲೆ ಏರಿ ಕಾಯಲು ಗಿಡ ಯಾಕೆ ಬೇಕು? ಆಮೇಲೆ ಸೀಗಡಿ ಕೃಷಿಯ ಗುತ್ತಿಗೆ ಬಂತು, ಕಗ್ಗ ಬೆಳೆಯುವವರು ಕಡಿಮೆಯಾದರು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸೀಗಡಿ ಕೆರೆಗಳ ವಿರುದ್ಧ ತೀರ್ಪು ಕೊಡುವ ಹೊತ್ತಿಗೆ ಹಳೆಯ ಕ್ರಮದ ಬಹುಪಾಲು ಮುರಿದುಬಿದ್ದಿತ್ತು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ ಸುಮಾರು 4,800 ಹೆಕ್ಟೇರಿಗೆ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಎಂಬ, ಮನ್ನಣೆ ಸಿಕ್ಕಿತು. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಸಾವಿರ ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾವನದ ಸುತ್ತ 50 ಮೀಟರ್ ಮೀಸಲಿಡಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಆ 50 ಮೀಟರ್ ಎಳೆಯುವುದು ಮರ ಇಂದು ಎಲ್ಲಿ ನಿಂತಿದೆಯೋ ಅಲ್ಲಿಂದ. ಇನ್ನು ಐವತ್ತು ವರ್ಷಕ್ಕೆ ಅದು ಎಲ್ಲಿಗೆ ಸರಿಯಬೇಕೋ ಆ ಜಾಗಕ್ಕೆ ನಕ್ಷೆಯಲ್ಲಿ ಬಣ್ಣವಿಲ್ಲ. ಅಂಥ ಜಾಗ ಏನಾದರೂ ಉಳಿದಿದ್ದರೆ ಅದು ಈ ಪಾಳುಬಿದ್ದ ಗಜನಿಗಳೇ. ಏರಿ ಒಡೆದು ಉಬ್ಬರ ಒಳನುಗ್ಗಿದ ಕಡೆ, ಯಾರೂ ನೆಡದೆ ಉಪ್ಪಟ್ಟಿಯ ಸಸಿ ಎದ್ದಿರುತ್ತದೆ. ಗದ್ದೆಯ ಯಜಮಾನನಿಗೆ ಅದು ಹೊಲ ಕಳೆದುಕೊಂಡದ್ದರ ಗುರುತು. ಅದಕ್ಕೆ ಅವನಿಗೆ ಏನು ಕೊಡಬೇಕು, ಯಾರು ಕೊಡಬೇಕು ಎಂಬ ಮಾತು ಇನ್ನೂ ಶುರುವಾಗಬೇಕಿದೆ.