ಉಳುಕಿದ ಕಾಲಿಗೆ ಎಷ್ಟು ದಿನ ಬೇಕು?

"ಎಲುಬು ಮುರದಿಲ್ಲ ಅಂತೀರಿ, ಮತ್ಯಾಕ್ರೀ ಇಷ್ಟು ಬಾತೈತಿ?" ರೋಣದ ಕಡೆಯ ರೈತರೊಬ್ಬರು ಎಕ್ಸ್‌ರೇ ಹಿಡಿದು ಕೇಳಿದರು. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಟ್ಟಿರುತ್ತದಲ್ಲ, ಆ ಬಿರುಕಿನಲ್ಲಿ ಕಾಲು ಸಿಕ್ಕಿ ಪಾದ ಒಳಕ್ಕೆ ಹೊರಳಿತ್ತು. ಹರಡಿನ ಹೊರಬದಿ ಉಬ್ಬಿ, ಬೆರಳಿನ ತನಕ ಕಪ್ಪು-ನೀಲಿ ಇಳಿದಿತ್ತು.

ಎಲುಬಿಗೆ ಎಲುಬನ್ನು ಬಿಗಿದಿಡುವ ನಾರಿನ ಪಟ್ಟಿಗಳೇ ಲಿಗಮೆಂಟ್. ಎಕ್ಸ್‌ರೇಯಲ್ಲಿ ಅವು ಕಾಣುವುದಿಲ್ಲ. ಪಾದ ಹೀಗೆ ಹೊರಳಿದಾಗ ಹೆಚ್ಚಾಗಿ ಹರಿಯುವುದು ಹೊರಬದಿಯ ಮುಂದಿನ ಪಟ್ಟಿ. ಜೊತೆಗೆ ಸಣ್ಣ ರಕ್ತನಾಳಗಳೂ ಒಡೆಯುತ್ತವೆ. ಬಾವಿನ ಜೊತೆ ಬರುವ ಬಿಳಿ ರಕ್ತಕಣಗಳು ಹರಿದ ಚೂರುಗಳನ್ನು ನುಂಗಿ ಜಾಗ ಹಸನು ಮಾಡುತ್ತವೆ. ಮೊದಲ ಎರಡು-ಮೂರು ದಿನ ಮುಖ್ಯವಾಗಿ ಇದೇ ಕೆಲಸ. ಆಗಲೇ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿದರೆ ಮತ್ತೆ ರಕ್ತ ಒಸರುತ್ತದೆ. ಇವರ ಮನೆಯಲ್ಲೂ ಕಾಳಜಿಯಿಂದಲೇ ತಿಕ್ಕಿದ್ದರು, ಬೆಳಗಾಗುವಷ್ಟರಲ್ಲಿ ಬಾವು ಜಾಸ್ತಿಯಾಗಿತ್ತು. ಆ ದಿನಗಳಲ್ಲಿ ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಆದರೆ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, ಹರಡಿನ ಎಲುಬನ್ನೇ ಒತ್ತಿದಾಗ ನೋವಿದ್ದರೆ, ಎಕ್ಸ್‌ರೇ ತೆಗೆಸಲೇಬೇಕು.

ಆಮೇಲೆ ದೇಹ ಕೊಲಾಜೆನ್ ಎಂಬ ಹೊಸ ನಾರು ಹಾಕಲು ಶುರು ಮಾಡುತ್ತದೆ. ಅವಸರದ ಕೆಲಸ ಅದು. ಹಗ್ಗ ಹೊಸೆಯುವ ಮುಂಚೆ ಪುಂಡಿ ನಾರು ಹೇಗೆ ಕೆದರಿಕೊಂಡು ಬಿದ್ದಿರುತ್ತದೆ, ನೋಡಿದ್ದೀರಲ್ವಾ? ಹಾಗೆ ಅಡ್ಡಾದಿಡ್ಡಿ. ಎಳೆತ ಬಿದ್ದ ದಿಕ್ಕಿಗೇ ಆ ನಾರು ನಿಧಾನವಾಗಿ ಸಾಲುಗೂಡುತ್ತದೆ. ಅದಕ್ಕೇ ನೋವು ತಡೆಯುವಷ್ಟು ನಡೆಯಿರಿ ಅನ್ನುತ್ತೇನೆ. ತಿಂಗಳುಗಟ್ಟಲೆ ಸುಮ್ನೆ ಮಲಗಿದರೆ ನಾರಿಗೆ ಬಲ ಬರುವುದಿಲ್ಲ, ಮೀನಖಂಡವೂ ಸೊರಗುತ್ತದೆ.

ಸ್ನಾಯುವಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಬೇಗ ಮಾಯುತ್ತದೆ. ಲಿಗಮೆಂಟಿಗೆ ರಕ್ತ ಕಡಿಮೆ. ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು, ಕೆಲವೊಮ್ಮೆ ವರ್ಷವೂ ಹಿಡಿಯುತ್ತದೆ. ನೋವು ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಹೋಗುತ್ತದೆ. ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ನೋವಿಲ್ಲ ಅಂತ ಹೊಲಕ್ಕಿಳಿದವರು ಅದೇ ಕಾಲು ಮತ್ತೆ ಉಳುಕಿಸಿಕೊಂಡು ಬರುತ್ತಾರೆ. ಪಾದ ಎತ್ತ ವಾಲುತ್ತಿದೆ ಎಂದು ಮೆದುಳಿಗೆ ತಿಳಿಸುವ ನರತುದಿಗಳು ಲಿಗಮೆಂಟಿನಲ್ಲೇ ಇರುತ್ತವೆ. ಪೆಟ್ಟಾದ ಮೇಲೆ ಆ ಸುದ್ದಿ ತಡವಾಗಿ ಮುಟ್ಟುತ್ತದೆ.

ಅದನ್ನು ಮತ್ತೆ ಕಲಿಸಬೇಕು. ಆರನೇ ವಾರ ಆ ರೈತರನ್ನು ಗೋಡೆಯ ಪಕ್ಕ ಒಂಟಿಗಾಲಲ್ಲಿ ನಿಲ್ಲಿಸಿದೆ. ಒಳ್ಳೆ ಕಾಲು ಅಲುಗಲಿಲ್ಲ. ಉಳುಕಿದ ಕಾಲು ಐದು ಎಣಿಸುವಷ್ಟರಲ್ಲಿ ಗಡಗಡ ನಡುಗಿತು. "ನೋವಂತೂ ಇಲ್ರೀ, ಆದ್ರೂ ಯಾಕ ಹಿಂಗ?" ಅಂದರು. ಮುಂದಿನ ವಾರವೂ ಬರಲು ಹೇಳಿದೆ.